ಪಾಲಾಗದ ಉಗ್ರಾಣ

ಚಿಪಾಟಾ
14 ಸೆಪ್ಟೆಂಬರ್ 2024

ಮಾನ್ಯ ಮುಟಾಲೆ ಕಪೆಂಬ್ವೆ ಅವರಿಗೆ,

ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ.

ಕಂಪ್ಯೂಟರ್ ಆಟದೊಳಗೆ ನಾವಿಬ್ಬರೂ ಸೇರಿ ಕಟ್ಟಿದ ಉಗ್ರಾಣಕ್ಕೆ ಐದು ವರ್ಷ ತುಂಬಿದೆ. ಅದನ್ನು ಪಾಲು ಮಾಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದೆಂದು ನನಗೆ ತೋರುತ್ತದೆ. ಪ್ರತಿಯೊಂದು ಸಾಮಾನಿನಲ್ಲೂ ಅರ್ಧ ತಮಗೆ, ಅರ್ಧ ನನಗೆ. ಕಟ್ಟಡ, ತಂತಿ, ಪರದೆ, ಸಾಮಾನು ತಯಾರಿಸುವ ಯಂತ್ರಗಳು ತಮಗೇ ಇರಲಿ. ನಾನು ನದಿಯ ಪೂರ್ವದ ದಂಡೆಯಲ್ಲಿ ಹತ್ತು ಮರದ ಪೆಟ್ಟಿಗೆ ಇಟ್ಟುಕೊಂಡಿದ್ದೇನೆ. ನನ್ನ ಪಾಲನ್ನು ಅಲ್ಲಿಗೆ ಸಾಗಿಸುತ್ತೇನೆ. ಅಕ್ಟೋಬರ್ ಇಪ್ಪತ್ತರೊಳಗೆ ಮುಗಿಸುವ ಯೋಚನೆ.

ಇದಕ್ಕಾಗಿ ಫೋನಿನಲ್ಲಿ ಮಾತಾಡುವ ಅಗತ್ಯ ಕಾಣುವುದಿಲ್ಲ. ಕಿಟ್ವೆಯಲ್ಲಿ ತಮ್ಮ ಬಡಾವಣೆಗೆ ಕರೆಂಟು ಇರುವುದು ಬೆಳಗಿನ ಐದರಿಂದ ಎಂಟರವರೆಗೆ, ಇಲ್ಲಿ ನಮಗೆ ಮಧ್ಯಾಹ್ನ ಒಂದರಿಂದ ನಾಲ್ಕು. ಹಾಗಾಗಿ ಆಟದೊಳಗೂ ಮುಖಾಮುಖಿಯಾಗುವ ಸಂಭವವಿಲ್ಲ. ಈ ಪತ್ರವನ್ನು ಆಟದ ಪುಸ್ತಕದಲ್ಲೇ ಬರೆದು ಉಗ್ರಾಣದ ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಉತ್ತರವನ್ನೂ ಅಲ್ಲಿಯೇ ಇಡಬಹುದು.

ಮಾರ್ಚಿನಲ್ಲಿ ನನ್ನ ತಂದೆಯವರು ತೀರಿಕೊಂಡಾಗ ತಾವು ಕಳಿಸಿದ ನಾಲ್ಕು ಸಾಲಿನ ಸಂತಾಪ ಸಂದೇಶಕ್ಕೆ ಧನ್ಯವಾದ ಹೇಳುವುದು ತಡವಾಯಿತು. ಕ್ಷಮೆ ಇರಲಿ.

ತಮ್ಮ ವಿಶ್ವಾಸಿ,
ತಿಯೇಸೆ ಜೆರೆ


ಕಿಟ್ವೆ
16 ಸೆಪ್ಟೆಂಬರ್

ಲೇ ಇಲಿಮರೀ,

ಪೆಟ್ಟಿಗೆ ತೆರೆದೆ, ಪತ್ರ ಓದಿದೆ, ಯಾರದೋ ಪೆಟ್ಟಿಗೆಗೆ ಕೈ ಹಾಕಿಬಿಟ್ಟೆನೆಂದು ಮುಚ್ಚಿದೆ. ಆಮೇಲೆ ಮತ್ತೆ ತೆರೆದು ಓದಿದೆ. ಮಾನ್ಯ ಮುಟಾಲೆ ಕಪೆಂಬ್ವೆ ಅಂದರೆ ಯಾರೇ ಅದು? ನಮ್ಮ ವಂಶದಲ್ಲಿ ಮಾನ್ಯರು ಯಾರೂ ಆಗಿಹೋಗಿಲ್ಲ. ಸಾಮಾನ್ಯರಾಗುವುದಕ್ಕೇ ನಾವು ಕಷ್ಟಪಟ್ಟವರು.

ಹದಿನಾಲ್ಕು ವರ್ಷದ ಹಿಂದೆ ಕಬ್ವೆಯ ಹಾಸ್ಟೆಲಿನಲ್ಲಿ ಮೊದಲ ದಿನ ನೀನು ನನ್ನನ್ನು ನೋಡಿ ಆಡಿದ ಮಾತು ನೆನಪಿದೆಯಾ? "ಅಯ್ಯಯ್ಯೋ, ಕೋತಿ ತಿನ್ನೋ ಬೆಂಬಾ ಪಕ್ಕ ನಾನು ಮಲಗಲ್ಲಪ್ಪ." ನಾನು ಅಂದೆ: "ಮಲಗು ಮಾರಾಯ್ತಿ, ನಿನ್ನ ದಿಂಬಿನ ಕೆಳಗೆ ಒಣಗಿಸಿಟ್ಟಿರೋ ಇಲೀಲಿ ನಂಗೂ ಒಂದು ಕೊಡು, ಸಾಕು." ಅಷ್ಟಕ್ಕೇ ಗೆಳೆತನ ಗಟ್ಟಿಯಾಯಿತು. ನಾನು ಬೆಂಬಾ, ನೀನು ಅಂಗೋನಿ. ನಮ್ಮ ಮುತ್ತಜ್ಜಂದಿರು ಈಟಿಯಲ್ಲಿ ತಿವಿದಾಡಿ ದಣಿದು, ಇನ್ನು ಮುಂದೆ ನಾಲಿಗೆಯಲ್ಲಿ ತಿವಿಯೋಣವೆಂದು ರಾಜಿಯಾದವರು. ಅಂದಿನಿಂದ ಎರಡು ಕುಲದವರೂ ಮ್ಬುಯಾಗಳು, ಹುಟ್ಟುವಾಗಲೇ ಗೇಲಿಯ ನೆಂಟರು. ಮ್ಬುಯಾ ಬೈದರೆ ಕುಶಲ ಕೇಳಿದ ಹಾಗೆ. ಆದರೆ ಮ್ಬುಯಾ "ತಾವು" ಅಂದರೆ? ಆರು ತಿಂಗಳು ಸದ್ದಿಲ್ಲದವಳು ಸದ್ದು ಮಾಡಿದ್ದು ಇದಕ್ಕಾ?

ಉಗ್ರಾಣ ಪಾಲು ಮಾಡುವುದೆಂದರೆ ಬೆಂದ ನ್ಶಿಮಾ ಮುದ್ದೆಯಲ್ಲಿ ನಿನ್ನ ನೀರು, ನನ್ನ ಹಿಟ್ಟು ಬೇರೆ ಮಾಡಲು ಕೂತ ಹಾಗೆ. ಮೊದಲು ನಮ್ಮ ಹತ್ತಿರ ಮುನ್ನೂರು ಪೆಟ್ಟಿಗೆಗಳಿದ್ದವು; ಬೇಕಾದ ಸಾಮಾನು ಯಾವಾಗಲೂ ಮುನ್ನೂರ ಒಂದನೆಯದರಲ್ಲಿ. ಆಮೇಲೆ ಯಾರೋ ಪುಣ್ಯಾತ್ಮರು ಆಟಕ್ಕೆ ಬರೆದು ಸೇರಿಸಿದ ಮಾಡ್ ಹಾಕಿಕೊಂಡೆವು. ಮಾಡ್ ಬಂದ ಮೇಲೆ "ಮಾಡು" ಅಂದರೆ ಮಾಡುತ್ತದೆ. ಎಲ್ಲ ಪೆಟ್ಟಿಗೆಗೂ ಒಂದೇ ತಂತಿ, ಎಲ್ಲ ಸಾಮಾನಿಗೂ ಒಂದೇ ಪರದೆ. ಏಣಿ ಬೇಕೆಂದು ಒತ್ತಿದರೆ ಏಣಿ, ಬಕೆಟ್ಟು ಬೇಕೆಂದರೆ ಬಕೆಟ್ಟು. ಮರ ಎಲ್ಲಿಂದ ಬಂತು, ಹಲಗೆ ಯಾವಾಗ ಆಯಿತು, ಯಾರೂ ಕೇಳುವುದಿಲ್ಲ. ಥೇಟ್ ನಮ್ಮ ಮನೆಗಳಲ್ಲಿ ಹೆಂಗಸರು ಮಾಡುವ ಕೆಲಸದ ಹಾಗೆ.

ಮತ್ತೆ ನಿನ್ನ ಅಪ್ಪ. ಹತ್ತಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಉಗ್ರಾಣಿಯಾಗಿದ್ದು ನಿವೃತ್ತನಾದವನು ಸುಮ್ಮನೆ ಕೂರಲಾರದೆ ನಮ್ಮ ಉಗ್ರಾಣಕ್ಕೆ ವಕ್ಕರಿಸಿದ. ಇಲಿ ಹಿಡಿಯುವ ಕುಲದಲ್ಲಿ ಹುಟ್ಟಿಯೂ ಮೌಸ್ ಹಿಡಿಯಲು ಬಾರದ ಮುದುಕ, ನಿನ್ನ ಪಕ್ಕ ಸ್ಟೂಲು ಹಾಕಿಕೊಂಡು ಹುಕುಂ ಚಲಾಯಿಸುತ್ತಿದ್ದದ್ದು ಫೋನಿನಲ್ಲಿ ಇಲ್ಲಿಗೂ ಕೇಳುತ್ತಿತ್ತು. "ಹೆಚ್ಚು ಬೇಕಾಗೋದು ಬಾಗಿಲ ಹತ್ರ ಇಡಿ! ಆ ಕೋತಿಗೆ ಹೇಳು, ಕಬ್ಬಿಣದ ಪಕ್ಕ ಕಬ್ಬು ಇಡಬಾರ್ದು ಅಂತ!"

ಪಾಲು ಬೇಕಾದರೆ ತಗೋ. ನಾನು ತಡೆಯುವುದಿಲ್ಲ. ಹೋಗುವಾಗ ಒಂದು ಬೈಗುಳವನ್ನಾದರೂ ಇಟ್ಟು ಹೋಗು.

ನಿನ್ನ
ಮುಟಾಲೆ


ಚಿಪಾಟಾ
21 ಸೆಪ್ಟೆಂಬರ್

ಮಾನ್ಯರೇ,

ತಮ್ಮ ಒಪ್ಪಿಗೆಗೆ ಧನ್ಯವಾದಗಳು.

ಮಂಗಳವಾರ ಪಾಠ ಮುಗಿಸಿ ಶಾಲೆಯಿಂದ ಬಂದು ಕೆಲಸ ಶುರುಮಾಡಿದೆ. ಐನೂರು ಏಣಿಗಳಲ್ಲಿ ಇನ್ನೂರೈವತ್ತನ್ನು ನದಿ ದಾಟಿಸಿದೆ. ಬುಧವಾರ ನೋಡಿದರೆ ಪರದೆಯಲ್ಲಿ ಮತ್ತೆ ಐನೂರು. ನನ್ನ ಲೆಕ್ಕ ತಪ್ಪಿರಬೇಕೆಂದು ಮತ್ತೆ ಇನ್ನೂರೈವತ್ತು ಒಯ್ದೆ. ಗುರುವಾರ ಮತ್ತೆ ಐನೂರು. ಬಕೆಟ್ಟು, ಹಳಿ, ಸರಪಳಿ, ಎಲ್ಲದರ ಕಥೆಯೂ ಇದೇ. ನನ್ನ ಹತ್ತು ಪೆಟ್ಟಿಗೆ ತುಂಬಿ, ಹೊಸದಾಗಿ ಇಟ್ಟ ಆರೂ ತುಂಬಿ, ಈಗ ಏಣಿಗಳನ್ನು ಇಡಲು ಜಾಗವಿಲ್ಲದೆ ಅವುಗಳನ್ನೇ ಗೋಡೆಗೆ ಆನಿಸಿ ಹೊಡೆದಿದ್ದೇನೆ. ಎಲ್ಲಿಗೂ ಹತ್ತಿಸದ ಏಣಿಗಳು.

ಬೆಳಗಿನ ಹೊತ್ತು ತಾವು ಬಂದು ಹೊಸದಾಗಿ ಮಾಡಿಸಿ ಇಡುತ್ತಿದ್ದೀರೆಂದು ಊಹಿಸುತ್ತೇನೆ. ಹಳೆಯ ಸಲುಗೆಯಲ್ಲಿ ಇದನ್ನು ತಮಾಷೆಯೆಂದು ಎಣಿಸಿರಬಹುದು. ದಯವಿಟ್ಟು ನಿಲ್ಲಿಸಬೇಕು.

ತಮ್ಮ ತಮಾಷೆಗೆಂದು ಒಂದು ದಿನ ಇತ್ತು. ಮಾರ್ಚ್ ಒಂಬತ್ತು, ಶನಿವಾರ, ಬೆಳಿಗ್ಗೆ ಹತ್ತು ಗಂಟೆ, ನಮ್ಮೂರ ಸ್ಮಶಾನ. ಅಂದು ತಾವು ಬರಲಿಲ್ಲ.

ತಮ್ಮ ವಿಶ್ವಾಸಿ,
ತಿಯೇಸೆ ಜೆರೆ


ಕಿಟ್ವೆ
24 ಸೆಪ್ಟೆಂಬರ್

ತಿಯೇಸೆ,

ನಾನಲ್ಲ ಕಣೇ. ಏಣಿಯ ಎಣಿಕೆ ಸರಿ ಮಾಡುತ್ತಿರುವುದು ನಿನ್ನ ಅಪ್ಪ.

ಗಾಬರಿಯಾಗಬೇಡ, ದೆವ್ವದ ಮಾತಲ್ಲ. ಪ್ರತಿ ಸಾಮಾನಿಗೂ ಇಷ್ಟಕ್ಕಿಂತ ಕೆಳಗಿಳಿಯಬಾರದು ಎಂದು ಒಂದು ಮಿತಿ ಹಾಕಿಸಿದ್ದನಲ್ಲ? ಏಣಿ ಐನೂರು, ಬಕೆಟ್ಟು ಇನ್ನೂರು, ಹಳಿ ನಾಲ್ಕು ಸಾವಿರ. "ಮುಗಿದ ಮೇಲೆ ತರಿಸೋನು ಉಗ್ರಾಣಿ ಅಲ್ಲ ಕಣ್ರೇ, ಸೋಮಾರಿ" ಅನ್ನುತ್ತಿದ್ದ. ನೀನು ಒಂದೊಂದಾಗಿ ಹೇಳಿಸಿಕೊಂಡು ಬೆರಳಚ್ಚು ಮಾಡಿದೆ, ನಾನು ಇಲ್ಲಿಂದ ಆಕಳಿಸಿದೆ. ಈಗ ನೀನು ಅರ್ಧ ಹೊತ್ತುಕೊಂಡು ಹೋದೆ. ಯಂತ್ರಕ್ಕೆ ಪಾಲೂ ತಿಳಿಯದು, ಮುನಿಸೂ ತಿಳಿಯದು. ಅದಕ್ಕೆ ತಿಳಿಯುವುದು ಒಂದೇ, ಕಮ್ಮಿಯಾಗಿದೆ ಅನ್ನುವುದು. ಕಮ್ಮಿಯಾದರೆ ಮಾಡು ಎಂದು ಮುದುಕ ಹೇಳಿದ್ದಾನೆ, ಅದು ಮಾಡಿದೆ. ನೀನು ಮತ್ತೆ ಅರ್ಧ ಒಯ್ದೆ, ಅದು ಮತ್ತೆ ಮಾಡಿತು. ಆಟದ ಲೋಕ ಓಡುವುದು ಲುಸಾಕಾದಲ್ಲಿ ನಮ್ಮ ಗೆಳೆಯನ ಮನೆಯ ಸೋಲಾರಿನ ಮೇಲೆ, ಹಾಗಾಗಿ ನಿನಗೂ ನನಗೂ ಕರೆಂಟಿಲ್ಲದ ಹೊತ್ತಿನಲ್ಲೂ ಅದಕ್ಕೆ ಬಿಡುವಿಲ್ಲ.

ಇವತ್ತು ಒಳಗೆ ಹೋಗಿ ನೋಡಿದೆ. ಮೂವತ್ತೆಂಟು ಸಾವಿರ ಕಬ್ಬಿಣದ ಗಟ್ಟಿ ಇದ್ದದ್ದು ಇನ್ನೂರ ಹನ್ನೆರಡಕ್ಕೆ ಬಂದು ನಿಂತಿದೆ. ಐದು ವರ್ಷ ಅಗೆದದ್ದು! ಬದಲಿಗೆ ಏನಿದೆ? ಬಕೆಟ್ಟು. ನಮ್ಮ ಬೀದಿಯ ನಲ್ಲಿಯಲ್ಲಿ ಮೂರು ದಿನದಿಂದ ನೀರಿಲ್ಲ, ಆಟದಲ್ಲಿ ನಾವು ನೀರಿಗಿಂತ ಹೆಚ್ಚು ಬಕೆಟ್ಟು ಇಟ್ಟುಕೊಂಡಿದ್ದೇವೆ. ನೀನು ಇನ್ನೊಂದು ವಾರ ಪಾಲು ಕೇಳಿದರೆ ಇಬ್ಬರಿಗೂ ಸಮಪಾಲು ಸಿಗುತ್ತದೆ, ಸೊನ್ನೆ ನಿನಗೆ, ಸೊನ್ನೆ ನನಗೆ.

ನಿಲ್ಲಿಸಬೇಕಾದರೆ ಆ ಮಿತಿಗಳನ್ನೆಲ್ಲ ಅಳಿಸಬೇಕು. ನಾನೂರ ಹದಿನಾರು ಸಾಲು. ಮೊದಲ ಸಾಲಿಗೆ ಕೈ ಇಟ್ಟೆ. "ದೀವಟಿಗೆ: ಎರಡು ಸಾವಿರ." ನನ್ನ ಕೈಲಾಗಲಿಲ್ಲ. ನಿನ್ನ ಅಪ್ಪ, ನೀನೇ ಮಾಡಿಕೋ.

ಮಾರ್ಚ್ ಒಂಬತ್ತರ ಮಾತು ತೆಗೆದೆ. ನನಗೆ ಆ ವಾರ ಮಲೇರಿಯಾ. ಏಳುವ ಹಾಗೇ ಇರಲಿಲ್ಲ. ಹೇಳಿದ್ದೆನಲ್ಲ? ಹೇಳಿರಲಿಲ್ಲವೇನೋ.

ಮುಟಾಲೆ


ಚಿಪಾಟಾ
2 ಅಕ್ಟೋಬರ್

ಮಾನ್ಯರೇ,

ಜ್ವರ ಬಂದಿತ್ತೆಂದು ತಿಳಿದು ವಿಷಾದವಾಯಿತು. ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ನರ್ಸುಗಳಿಗೂ ಜ್ವರ ಬರುವುದುಂಟು. ಏಳು ತಿಂಗಳಾಗುತ್ತಾ ಬಂತು, ಇಳಿದಿರಬೇಕು.

ಅಂದಿನ ವಿವರವನ್ನು ತಮಗೆ ಯಾರೂ ಹೇಳಿರಲಾರರು. ತಿಳಿದಿರಲಿ ಎಂದು ಬರೆಯುತ್ತೇನೆ.

ಕೊನೆಯ ವಾರ ಆಸ್ಪತ್ರೆಯಲ್ಲಿ ಅಪ್ಪ ದೊಡ್ಡಪ್ಪನನ್ನು ಹತ್ತಿರ ಕರೆದು ಹೇಳಿದ್ದರು: "ನೋಡ್ತಿರು, ಆ ಕೋತಿ ಬಂದು ನನ್ನ ಗುಂಡಿಗಿಳಿದು ಮಲಗ್ತಾಳೆ. ಕೋಳಿ ಕೊಡೋ ತನಕ ಏಳಲ್ಲ. ಒಂದೇ ಕೊಡು. ಎರಡು ಕೇಳ್ತಾಳೆ, ಬಡ್ಡಿಮಗಳು, ಕೊಡಬೇಡ." ಮ್ಬುಯಾ ಬಂದು, ಸತ್ತವನನ್ನು ಬಾಯಿಗೆ ಬಂದ ಹಾಗೆ ಬೈದು, ಸುತ್ತ ನಿಂತವರನ್ನು ನಗಿಸಿ ಎದ್ದ ಮೇಲೆಯೇ ಮಣ್ಣು ಎಂಬುದು ನಮ್ಮಲ್ಲಿ ಇರುವುದೇ. ಅಪ್ಪ ಅದಕ್ಕಾಗಿ ಕಾದಿದ್ದರು ಅನ್ನುವ ಹಾಗಿತ್ತು ಅವರ ಮುಖ. ಸಾಯುವುದರಲ್ಲಿ ಅವರಿಗೆ ಇಷ್ಟವಿದ್ದ ಭಾಗ ಅದೊಂದೇ.

ದೊಡ್ಡಪ್ಪ ಕೋಳಿಯ ಕಾಲು ಕಟ್ಟಿ ತಂದಿದ್ದ. ಗುಂಡಿ ಸಿದ್ಧವಾದ ಮೇಲೆ ನಲವತ್ತು ನಿಮಿಷ ಎಲ್ಲರೂ ಬಿಸಿಲಲ್ಲಿ ನಿಂತೆವು. ಪಾದ್ರಿಗಳು ಎರಡು ಸಲ ಗಡಿಯಾರ ನೋಡಿದರು. "ಎಲ್ಲೇ ನಿನ್ನ ಬೆಂಬಾ?" ಎಂದು ದೊಡ್ಡಪ್ಪ ಕೇಳಿದ. ಬಸ್ಸು ತಡವಾಗಿರಬೇಕು ಅಂದೆ. ಮತ್ತೆ ಕೇಳಿದ. ಮತ್ತೆ ಅದನ್ನೇ ಅಂದೆ. ಆಗ ನನ್ನ ಫೋನು ಮಿಡಿಯಿತು. "ತಮ್ಮ ಪೂಜ್ಯ ತಂದೆಯವರ ಅಗಲಿಕೆಯ ವಾರ್ತೆಯಿಂದ ತೀವ್ರ ದುಃಖವಾಗಿದೆ." ತಮ್ಮ ನಾಲ್ಕು ಸಾಲಿನಲ್ಲಿ ಮೊದಲನೆಯದು.

ಪೂಜ್ಯ! ಹದಿನಾಲ್ಕು ವರ್ಷ ಅವರನ್ನು ಮುದಿ ಇಲಿ ಎಂದು ಕರೆದವರು ತಾವು. ಅವರು ಸತ್ತದ್ದು ನನಗೆ ಅರ್ಥವಾದದ್ದು ಆ ಪದ ಓದಿದಾಗ.

ಕೋಳಿಯ ಕಾಲು ಬಿಚ್ಚಿ ಬಿಟ್ಟುಬಿಟ್ಟೆವು. ಮಣ್ಣು ಹಾಕಿದೆವು. ಯಾರೂ ನಗಲಿಲ್ಲ. ನಗದೆ ಮಣ್ಣಾದ ಮೊದಲ ಜೆರೆ ಎಂದು ದೊಡ್ಡಪ್ಪ ಇವತ್ತಿಗೂ ಹೇಳುತ್ತಾನೆ. ಅರ್ಧಕ್ಕೇ ನಿಂತ ಕೆಲಸ ಅದು ಅನ್ನುತ್ತಾನೆ. ಅಮ್ಮ ಏನೂ ಹೇಳುವುದಿಲ್ಲ. ಅವಳು ಅಂದಿನಿಂದ ನಕ್ಕಿದ್ದನ್ನು ನಾನು ಕಂಡಿಲ್ಲ.

ಪಾಲಿನ ಕೆಲಸ ನಿಲ್ಲಿಸಿದ್ದೇನೆ. ಇಪ್ಪತ್ತನೆಯ ತಾರೀಖು ಆ ನಾನೂರ ಹದಿನಾರು ಸಾಲುಗಳನ್ನೂ ಸೊನ್ನೆ ಮಾಡಿ, ಆಟ ಬಿಟ್ಟು ಹೋಗುತ್ತೇನೆ. ಉಳಿದದ್ದೆಲ್ಲ ತಮ್ಮದು.

ತಿಯೇಸೆ ಜೆರೆ


ಕಿಟ್ವೆ
5 ಅಕ್ಟೋಬರ್

ತಿಯೇಸೆ,

ಮಲೇರಿಯಾ ಇರಲಿಲ್ಲ. ಸುಳ್ಳು ಹೇಳಿದೆ. ಸೊಳ್ಳೆಗಳ ಮೇಲೆ ತಪ್ಪು ಹೊರಿಸುವುದು ನಮ್ಮ ಕ್ಲಿನಿಕ್ಕಿನವರಿಗೆ ಅಭ್ಯಾಸ.

ನಾನು ಹೊರಟಿದ್ದೆ. ಮಾರ್ಚ್ ಎಂಟು, ಶುಕ್ರವಾರ, ಬೆಳಗಿನ ಮೊದಲ ಬಸ್ಸು. ಚೀಲದಲ್ಲಿ ಒಂದು ಪ್ಯಾಂಟು, ಕಂಕುಳವರೆಗೆ ಬರುವಂಥದ್ದು, ನಿನ್ನ ಅಪ್ಪ ಹಾಕಿಕೊಳ್ಳುತ್ತಿದ್ದನಲ್ಲ, ಎದೆಯ ಮೇಲೆ ಬೆಲ್ಟು ಕಟ್ಟಿಕೊಂಡು. ಅವನ ವೇಷ ಕಟ್ಟಲೆಂದು ದರ್ಜಿಯ ಹತ್ತಿರ ಹೇಳಿ ಹೊಲಿಸಿದ್ದೆ. ಹೊಟ್ಟೆಗೆ ತುರುಕಲು ಹತ್ತಿ. ದಾರಿಯುದ್ದಕ್ಕೂ ಬೈಗುಳಗಳನ್ನು ಉರು ಹೊಡೆದೆ. ಒಳ್ಳೊಳ್ಳೆಯವಿದ್ದವು ಕಣೇ.

ಲುಸಾಕಾದಲ್ಲಿ ಇಳಿದೆ. ಚಿಪಾಟಾ ಬಸ್ಸಿಗೆ ಇನ್ನೂ ಒಂದು ಗಂಟೆ. ಬೇಯಿಸಿದ ಮೊಟ್ಟೆ ಮಾರುವ ಹೆಂಗಸೊಬ್ಬಳ ಪಕ್ಕ ಕೂತು ಕೇಳಿದೆ: "ಅಮ್ಮಾ, ನಾಳೆ ಒಬ್ಬ ಅಂಗೋನಿ ಮುದುಕನ ಗುಂಡಿಗಿಳಿದು ಬೈಬೇಕು. ಯಾವುದರಿಂದ ಶುರು ಮಾಡ್ಲಿ?"

ಅವಳು ಮೊಟ್ಟೆ ಸುಲಿಯುತ್ತಲೇ ಅಂದಳು: "ನಂಗೇನು ಗೊತ್ತು ಅಂಗೋನಿ ವಿಷ್ಯ? ನಾನು ಲೋಜಿ. ನಮ್ಮ ಮ್ಬುಯಾಗಳು ಟೊಂಗಾ ಕುಲದೋರು. ಅವರಲ್ಲಿ ಯಾರಾದ್ರೂ ಸತ್ತಿದ್ರೆ ಹೇಳು, ಪುಕ್ಕಟೆ ಹೇಳಿಕೊಡ್ತೀನಿ." ಆಮೇಲೆ ಉಪ್ಪು ಹಾಕಿ ಮೊಟ್ಟೆ ಕೊಡುತ್ತಾ, "ಹೇಗಿದ್ದ ನಿನ್ನ ಮುದುಕ?" ಎಂದು ಕೇಳಿದಳು.

ಅಷ್ಟೇ. ಕೇಳಬಾರದಿತ್ತು. ಹೇಗಿದ್ದ ಎಂದು ಹೇಳಲು ಹೋದೆ. ಹಾಸ್ಟೆಲಿಗೆ ಮೂಟೆ ಕಡಲೆಕಾಯಿ ಹೊತ್ತು ತಂದು "ಅರ್ಧ ನನ್ನ ಮಗಳಿಗೆ, ಅರ್ಧ ಈ ಕೋತಿಗೆ" ಅಂದದ್ದು. ನಮ್ಮನ್ನು ಬಿಟ್ಟುಹೋದ ನನ್ನ ಅಪ್ಪ ನನ್ನ ಪದವಿ ಪ್ರದಾನಕ್ಕೆ ಬರುವುದಿಲ್ಲವೆಂದು ತಿಳಿದು ಏನೂ ಕೇಳದೆ ಬಂದು ಮೂರನೇ ಸಾಲಿನಲ್ಲಿ ಕೂತು, ನನ್ನ ಹೆಸರು ಕರೆದಾಗ ಕೋತಿಯ ಹಾಗೆ ಕಿರುಚಿದ್ದು. ಮೊಟ್ಟೆ ಕೈಯಲ್ಲೇ ಇತ್ತು, ನಾನು ಬಸ್ ನಿಲ್ದಾಣದಲ್ಲಿ ಕೂತು ಗೊಳೋ ಎಂದು ಅತ್ತೆ. ಬಸ್ಸಿನ ಏಜೆಂಟರು ಕೂಡ ಕೂಗುವುದನ್ನು ನಿಲ್ಲಿಸಿ ನೋಡಿದರು. ಅವರನ್ನು ಸುಮ್ಮನಾಗಿಸುವುದು ಎಷ್ಟು ಕಷ್ಟವೆಂದು ನಿನಗೆ ಗೊತ್ತು.

ಆ ಹೆಂಗಸು ನನ್ನ ಬೆನ್ನು ಸವರಿ ಅಂದಳು: "ಹೋಗಬೇಡ ಮಗಳೇ. ಅಳೋಕೆ ಅವರ ಮನೇಲಿ ಜನ ಇದಾರೆ. ಅಳೋ ಮ್ಬುಯಾ ಯಾರಿಗೆ ಬೇಕು?"

ಚಿಪಾಟಾ ಬಸ್ಸು ಹೊರಟಿತು. ನಾನು ಹತ್ತಲಿಲ್ಲ. ನಾನು ತರಬೇಕಾಗಿದ್ದದ್ದು ಒಂದೇ ಸಾಮಾನು, ಅದೇ ನನ್ನ ಹತ್ತಿರ ಮುಗಿದುಹೋಗಿತ್ತು. ಶನಿವಾರ ಬೆಳಿಗ್ಗೆ ಮನೆಯಲ್ಲಿ ಕೂತು, ಪತ್ರಿಕೆಯ ಶ್ರದ್ಧಾಂಜಲಿ ಪುಟ ನೋಡಿ ಆ ನಾಲ್ಕು ಸಾಲು ನಕಲು ಮಾಡಿದೆ. ಪೂಜ್ಯ ಅನ್ನುವುದು ನನ್ನದಲ್ಲ, ಯಾರೋ ಶಾಸಕರ ತಂದೆಯದು.

ನೀವು ನಲವತ್ತು ನಿಮಿಷ ನಿಂತದ್ದು ನನಗೆ ಗೊತ್ತಿರಲಿಲ್ಲ. ಮುದುಕ ಕಾದದ್ದೂ.

ಇಪ್ಪತ್ತಕ್ಕೆ ನೀನು ಏನು ಮಾಡುತ್ತೀಯೋ ಅದು ನಿನ್ನ ಹಕ್ಕು.

ಮುಟಾಲೆ


ಕಿಟ್ವೆ
19 ಅಕ್ಟೋಬರ್

ತಿಯೇಸೆ,

ಎರಡು ವಾರವಾಯಿತು, ಉತ್ತರವಿಲ್ಲ. ಆದರೆ ಎಡಗಡೆ ಇಟ್ಟ ನನ್ನ ಪುಸ್ತಕ ಬಲಗಡೆಗೆ ಬಂದಿದೆ, ಅಂದರೆ ಓದಿದ್ದೀಯ. ಓದಿ ಎಸೆಯದೆ ಇಟ್ಟಿದ್ದೀಯ. ಇಷ್ಟನ್ನೇ ನಾನು ಹದಿನಾಲ್ಕು ದಿನದಿಂದ ಚಪ್ಪರಿಸುತ್ತಿದ್ದೇನೆ.

ನಾಳೆ ಪರದೆ ತೆರೆದಾಗ ನಿನಗೊಂದು ಆಶ್ಚರ್ಯ ಕಾಣುತ್ತದೆ, ಹೆದರಬೇಡವೆಂದು ಮೊದಲೇ ಹೇಳುತ್ತಿದ್ದೇನೆ. ಕಬ್ಬಿಣ ಮುಗಿದ ಮೇಲೆ ಯಂತ್ರ ಏನೂ ಮಾಡಲಾಗದೆ ಪಟ್ಟಿಯಲ್ಲಿ ಇನ್ನೂರು ಚಿಲ್ಲರೆ ಸಾಲು ಕೆಂಪಗೆ ನಿಂತಿದ್ದವಲ್ಲ? ನಾನು ದಿನಾ ಬೆಳಿಗ್ಗೆ ಐದರಿಂದ ಎಂಟರವರೆಗೆ ಗಣಿಗಿಳಿದೆ. ನಮ್ಮ ಅಗೆಯುವ ಯಂತ್ರವೂ ಕೆಟ್ಟು ಕೂತಿದೆ, ಅದರ ಬಿಡಿಭಾಗಕ್ಕೂ ಕಬ್ಬಿಣವೇ ಬೇಕು. ಆದ್ದರಿಂದ ಗುದ್ದಲಿ ಹಿಡಿದು, ಮೊದಲ ವಾರ ನಾವು ಅಗೆದ ಹಾಗೆ, ಒಂದೊಂದೇ ಕಲ್ಲು. ತಾಮ್ರದ ಗಣಿಯ ಊರಲ್ಲಿ ಹುಟ್ಟಿ, ಗಣಿಗಿಳಿಯಬೇಡ ಅಂತ ಅಮ್ಮ ನರ್ಸಿಂಗ್ ಓದಿಸಿದರೆ, ಮಗಳು ಕ್ಲಿನಿಕ್ಕಿಗೆ ಹೋಗುವ ಮುಂಚೆ ಸುಳ್ಳು ಗಣಿಯಲ್ಲಿ ಬೆವರು ಸುರಿಸಿ ಬರುತ್ತಾಳೆ.

ಒಟ್ಟು ಏನಾಯಿತೆಂದರೆ, ಇವತ್ತು ಬೆಳಿಗ್ಗೆ ಏಳೂವರೆಗೆ ಕೊನೆಯ ಸಾಲೂ ಹಸಿರಾಯಿತು. ನಾನೂರ ಹದಿನಾರಕ್ಕೆ ನಾನೂರ ಹದಿನಾರು. ಮುದುಕ ಹೇಳಿದಷ್ಟು, ಹೇಳಿದ ಜಾಗದಲ್ಲಿ. ನೀನು ಸೊನ್ನೆ ಮಾಡುವುದಾದರೆ ಮಾಡು. ಆದರೆ ಬರಿದಾದ ಉಗ್ರಾಣದಲ್ಲಿ ನಿಂತು ಅವನ ಮಿತಿಗಳನ್ನು ಅಳಿಸುವುದು ಬೇಡ. ಕೆಲಸದಿಂದ ಇಳಿಯುವ ದಿನ ಉಗ್ರಾಣ ತುಂಬಿದೆ ಎಂದು ತೋರಿಸಿ, ಬೀಗದ ಕೈ ಕೊಟ್ಟು ಹೋಗಲಿ.

ಇನ್ನೊಂದು. ಇಪ್ಪತ್ತನಾಲ್ಕು ಸ್ವಾತಂತ್ರ್ಯ ದಿನ, ರಜೆ. ಇಪ್ಪತ್ತಮೂರರ ಬಸ್ಸಿಗೆ ಹತ್ತುತ್ತೇನೆ. ಬರಬೇಡ ಅಂದರೂ ಬರುತ್ತೇನೆ, ಯಾಕೆಂದರೆ ನಾನು ಬರುವುದು ನಿನ್ನ ಹತ್ತಿರ ಅಲ್ಲ, ಆ ಮುದಿ ಇಲಿಯ ಹತ್ತಿರ. ಅವನು ಕಾದದ್ದಕ್ಕೆ ನನ್ನ ಹತ್ತಿರ ಕೆಲವು ಮಾತುಗಳಿವೆ. ಯಾವುದೂ ಉರು ಹೊಡೆದದ್ದಲ್ಲ. ನಗು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬರದಿದ್ದರೆ ಅದೇ ಬಸ್ಸಿನಲ್ಲಿ ವಾಪಸ್ಸು.

ಮುಟಾಲೆ


ಚಿಪಾಟಾ
20 ಅಕ್ಟೋಬರ್

ಮುಟಾಲೆ,

ಒಂದು ಗಂಟೆಗೆ ಕರೆಂಟು ಬಂತು. ಸೊನ್ನೆ ಮಾಡಲು ಕೂತೆ. ಮೇಲಿಂದ ಕೆಳಗಿನವರೆಗೆ ಓದಿದೆ. ಒಂದು ಗಂಟೆ ಬೇಕಾಯಿತು.

ಅಮ್ಮ ಕಸೂತಿ ಹಿಡಿದು ಬಂದು ಅಪ್ಪನ ಸ್ಟೂಲಿನ ಮೇಲೆ ಕೂತಳು. "ಏನದು ಹಸಿರು ಹಸಿರು?" ಅಂದಳು. ಅಪ್ಪನ ಸಾಮಾನು ಎಲ್ಲ ಸರಿಯಾಗಿದೆ ಅಂತ ಅರ್ಥ, ಅಂದೆ. "ಮತ್ತೆ ಯಾಕೆ ಅಳಿಸ್ತೀಯ?" ಅಂದಳು. ಒಂದು ಸಾಲೂ ಅಳಿಸದೆ ಪಟ್ಟಿ ಮುಚ್ಚಿದೆ.

ಎರಡು ಸಾವಿರ ಏಣಿಗಳನ್ನು ನದಿ ದಾಟಿಸಿ ವಾಪಸ್ಸು ತಂದಿಟ್ಟಿದ್ದೇನೆ. ಬಕೆಟ್ಟುಗಳಿಗೆ ಮೂರು ಗಂಟೆ ಸಾಲಲಿಲ್ಲ.

ಗುರುವಾರ ಗೇಟು ತೆರೆದಿರುತ್ತದೆ. ನಾಯಿಯನ್ನು ಮಾತ್ರ ಕಟ್ಟಿರುವುದಿಲ್ಲ.

ತಿಯೇಸೆ


ಚಿಪಾಟಾ
27 ಅಕ್ಟೋಬರ್

ಪರಮಪೂಜ್ಯ ಮುಟಾಲೆ ಕಪೆಂಬ್ವೆ ಅವರ ಪಾದಾರವಿಂದಗಳಿಗೆ,

ವಿಷಯ: ದಿನಾಂಕ 24ರಂದು ನಮ್ಮ ತಂದೆಯವರ ಸಮಾಧಿಯ ಬಳಿ ತಾವು ನಡೆಸಿದ ದುರ್ನಡತೆಯ ಬಗ್ಗೆ ದೂರು.

ತಾವು ಕಿಟ್ವೆ ತಲುಪಿ ಬೆಳಗಿನ ಕರೆಂಟಿಗೆ ಇದನ್ನು ಓದುವ ಹೊತ್ತಿಗೆ ಇಡೀ ಬಡಾವಣೆಗೆ ಸುದ್ದಿ ಹಬ್ಬಿರುತ್ತದೆ. ನಿರಾಕರಿಸಿ ಪ್ರಯೋಜನವಿಲ್ಲ. ಸಾಕ್ಷಿಗಳು ಇಪ್ಪತ್ತಾರು ಜನ, ಅವರಲ್ಲಿ ಒಬ್ಬರು ಪಾದ್ರಿ.

ಮೊದಲನೆಯದು. ತಾವು ಚೀಲ ಅಪ್ಪಿಕೊಂಡು ಆ ಕಲ್ಲಿನ ಮುಂದೆ ನಿಂತಿರಿ. ತಮ್ಮ ಗಲ್ಲ ನಡುಗುವುದನ್ನು ನಾನು ನೋಡಿದೆ. ಆಯಿತು, ಇವಳು ಅತ್ತಳು, ಇನ್ನು ಬಸ್ಸು ಹತ್ತುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಹೀಗೆ ಮನೆಯವರಿಗೆ ಗಾಬರಿ ಹುಟ್ಟಿಸಿದ್ದು ಅಪರಾಧ.

ಎರಡನೆಯದು. ಆಮೇಲೆ ತಾವು ಚೀಲ ಕೆಳಗಿಟ್ಟು, ಸೊಂಟದ ಮೇಲೆ ಕೈ ಇಟ್ಟು, ತೀರಿಕೊಂಡವರನ್ನು ಏಕವಚನದಲ್ಲಿ ಕೂಗಿದಿರಿ. ನನ್ನ ನೆನಪಿನಿಂದ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಬಹುದು:

"ಏಯ್ ಉಗ್ರಾಣೀ! ಏಳೋ ಮೇಲೆ! ಈ ಮನೇಲಿ ಮುದುಕರ ದಾಸ್ತಾನು ಒಂದೇ ಒಂದಿತ್ತು. ಹಳೇದು, ತುಕ್ಕು ಹಿಡಿದದ್ದು, ಬಾಯಿ ಮಾತ್ರ ಹೊಸದು. ಅದೂ ಮುಗಿದು ಏಳು ತಿಂಗಳಾಯ್ತು! ಮುಗಿಯೋ ತನಕ ಕಾಯಬಾರ್ದು ಅಂತ ನಮಗೆಲ್ಲ ಪಾಠ ಹೇಳ್ತಿದ್ದೆಯಲ್ಲ, ನಿನಗೆ ಎಷ್ಟು ಮಿತಿ ಹಾಕ್ಕೊಂಡಿದ್ದೆ? ಸೊನ್ನೆನಾ? ಏಣಿಗೆ ಐನೂರು, ಬಕೆಟ್ಟಿಗೆ ಇನ್ನೂರು, ನಿನಗೆ ಸೊನ್ನೆ! ಇನ್ನೊಂದು ಮಾಡಿಸಿ ಹಿಂದಿನ ಕೋಣೇಲಿ ಇಡೋಕೆ ಏನಾಗಿತ್ತು ರೋಗ? ನಾವೀಗ ಯಾವ ಅಂಗಡಿಗೆ ಹೋಗ್ಬೇಕು? ಮೂವತ್ತೊಂದು ವರ್ಷ ಅದೇನು ಉಗ್ರಾಣ ಕಾಯ್ದೆಯೋ, ಸೋಮಾರಿ ಮುಂಡೇದೇ!"

ಆಮೇಲೆ ಯಾರೋ ಕಿಸಕ್ಕೆಂದರು. ಅದು ಪಾದ್ರಿಗಳೆಂದು ನನ್ನ ಅನುಮಾನ.

ಮೂರನೆಯದು. ದೊಡ್ಡಪ್ಪ ಸಮಾಧಾನಪಡಿಸಲು ಹತ್ತಿರ ಬಂದಾಗ, "ನೀನೇನಾ ಹೊಸ ಉಗ್ರಾಣಿ? ಇದು ಯಾರ ದಾಸ್ತಾನು?" ಎಂದು ಅವರ ಎಡಗಾಲಿನ ಬೂಟನ್ನು ಕಿತ್ತುಕೊಂಡು ಗೋರಿಗಳ ನಡುವೆ ಓಡಿದಿರಿ. ಎಪ್ಪತ್ತೊಂದು ವರ್ಷದ ಮನುಷ್ಯ ಒಂಟಿ ಬೂಟಿನಲ್ಲಿ ಕುಂಟುತ್ತಾ "ಹಿಡೀರೋ ಬೆಂಬಾನ!" ಎಂದು ತಮ್ಮ ಬೆನ್ನಟ್ಟಿದರು. ಆ ಬೂಟು ಇನ್ನೂ ತಮ್ಮ ಹತ್ತಿರವೇ ಇದೆ. ಇವತ್ತು ಅವರು ಚರ್ಚಿಗೆ ಚಪ್ಪಲಿಯಲ್ಲಿ ಹೋದರು, ಹೋದಲ್ಲೆಲ್ಲ ಅದರ ಕಾರಣವನ್ನು ಹೆಮ್ಮೆಯಿಂದ ಹೇಳಿಕೊಂಡು ಬಂದರು.

ನಾಲ್ಕನೆಯದಕ್ಕೆ ದೂರಿನ ಭಾಷೆ ನನಗೆ ಹೊಂದುತ್ತಿಲ್ಲ, ಕೋತಿ. ನೀನು ಬೂಟು ಹಿಡಿದು ಓಡುತ್ತಿದ್ದೆ, ಹಾಗಾಗಿ ನೀನು ನೋಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮ ಮೊದಲು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಸೆರಗು ಸಾಲಲಿಲ್ಲ. ನನ್ನ ತೋಳು ಹಿಡಿದುಕೊಂಡಳು. ಇಬ್ಬರೂ ಅಪ್ಪನ ಪಕ್ಕ ನೆಲದ ಮೇಲೆ ಕೂತು, ಪಕ್ಕೆ ನೋಯುವ ತನಕ ನಕ್ಕೆವು, ಅಳುತ್ತಲೇ. "ಹಿಂದಿನ ಕೋಣೇಲಿ ಇಡೋಕೆ ಏನಾಗಿತ್ತು ರೋಗ," ಅಂತ ಅಮ್ಮ ಕಲ್ಲಿಗೆ ಬೆರಳು ತೋರಿಸಿ ಹೇಳಿದಳು. ಅಪ್ಪನಿಗೇ ಹೇಳಿದಳು. ಏಳು ತಿಂಗಳಿನಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಿದ್ದಳು ಅಂತ ನನಗೆ ಆಗ ಗೊತ್ತಾಯಿತು.

ದೊಡ್ಡಪ್ಪ ಏದುಸಿರು ಬಿಡುತ್ತಾ ವಾಪಸ್ಸು ಬಂದ. ಬರಿಗಾಲನ್ನು ಕಲ್ಲಿನ ಅಂಚಿಗೆ ಊರಿ, ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅಪ್ಪನ ಮೇಲೆ ಹಾಕಿದ. ಕೈ ಒರೆಸಿಕೊಂಡ.

"ಈಗ ಮಣ್ಣಾಯ್ತು," ಅಂದ. "ಏಳ್ರಿ, ಊಟ ಮಾಡೋಣ."

ನಿನ್ನ
ತಿಯೇಸೆ